ಪ್ಯಾಟ್ರಿಕ್ ಬರೆದುಕೊಟ್ಟ ಮುಚ್ಚಳಿಕೆ

ಸೌದಿಯ ರಾಸ್ ಅಲ್ ಖೈರ್‌ನಲ್ಲಿ ಸಮುದ್ರದ ನೀರಿನ ಉಪ್ಪು ತೆಗೆಯುವ ಸ್ಥಾವರದ ಪಂಪು ಕೆಟ್ಟರೆ ಮೊದಲ ಕರೆ ಹೋಗುತ್ತಿದ್ದದ್ದು ಶಿರ್ವದ ಪ್ಯಾಟ್ರಿಕ್‌ಗೆ. ಐವತ್ತೆಂಟರ ಈ ಮನುಷ್ಯ ಒಮ್ಮೆ ಪಂಪಿನ ಮುಂದೆ ಕೂತನೆಂದರೆ ಅದು ತಿರುಗುವವರೆಗೆ ಏಳುವವನಲ್ಲ. ಊಟಕ್ಕೆ ಕರೆದರೂ ಕಿವಿಗೆ ಬೀಳದು. ಯಂತ್ರಗಳ ಮಟ್ಟಿಗೆ ಇದು ಒಳ್ಳೆಯ ಗುಣವೇ. ಮನುಷ್ಯರ ಜೊತೆಗೂ ಹಾಗೇ ಹಠ ಹಿಡಿದು ಕೂತದ್ದು ಅವನನ್ನು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿಸಿತು.

ದೂರು ಕೊಟ್ಟವಳು ಅವನ ಸೊಸೆ ಮೆಲಿಷಾ. ಮಾವ ಕಿರುಕುಳ ಕೊಡುತ್ತಿದ್ದಾರೆ, ತನ್ನ ಮತ್ತು ಮಗಳ ಹತ್ತಿರ ಬರದಂತೆ, ಫೋನು ಮಾಡದಂತೆ ತಡೆಯಬೇಕು ಎಂದು ಕೇಳಿಕೊಂಡಿದ್ದಳು. ಭಾನುವಾರ ಬಂದು ಉತ್ತರ ಕೊಡಬೇಕೆಂದು ದಹ್ರಾನ್ ಕಡೆಯ ಠಾಣೆಯಿಂದ ಪ್ಯಾಟ್ರಿಕ್‌ಗೆ ಕರೆ ಬಂತು. ಐದು ವರ್ಷದ ಮೊಮ್ಮಗಳು ರಿಯೋನಾಳನ್ನು ಬಿಟ್ಟರೆ ಅವನ ರಕ್ತ ಹಂಚಿಕೊಂಡವರು ಯಾರೂ ಉಳಿದಿರಲಿಲ್ಲ.

ಅವನು ಮಾಡಿದ್ದಾದರೂ ಏನು? ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೂವತ್ತು ವರ್ಷದ ಹಿಂದೆ ಅವನು ಸೌದಿಗೆ ಬಂದಾಗ ಊರಿಗೆ ಫೋನು ಮಾಡುವುದೆಂದರೆ ತಿಂಗಳಿಗೊಮ್ಮೆ ಬರುವ ಹಬ್ಬ. ಹೆಂಡತಿ ತೆರೇಸಾ ಸಂಜೆಯ ತೇರ್ಸನ್ನು, ಅಂದರೆ ಮನೆಮಂದಿಯೆಲ್ಲ ಕೂತು ಹೇಳುವ ಜಪಮಾಲೆಯ ಪ್ರಾರ್ಥನೆಯನ್ನು, ಕ್ಯಾಸೆಟ್ಟಿಗೆ ತುಂಬಿಸಿ, ರಜೆ ಮುಗಿಸಿ ಬರುವವರ ಕೈಯಲ್ಲಿ ಕಳಿಸುತ್ತಿದ್ದಳು. ಕ್ಯಾಂಪಿನ ಕೋಣೆಯಲ್ಲಿ ಪ್ಯಾಟ್ರಿಕ್ ಟೇಪ್ ರೆಕಾರ್ಡರಿನ ಸದ್ದು ಸಣ್ಣ ಮಾಡಿ ತಾನೂ ದನಿಗೂಡಿಸುತ್ತಿದ್ದ. ಪ್ರಾರ್ಥನೆ ಮುಗಿದ ಮೇಲೆ ವಾಡಿಕೆಯಂತೆ ಪುಟ್ಟ ಮಗ ಜೋಯೆಲ್ "ಪಪ್ಪಾ, ಆಶೀರ್ವಾದ ಮಾಡಿ" ಎನ್ನುತ್ತಿದ್ದ. ಪ್ಯಾಟ್ರಿಕ್ ಟೇಪ್ ರೆಕಾರ್ಡರಿನ ತಲೆ ಮೇಲೆ ಕೈಯಿಟ್ಟು "ದೇವರು ಒಳ್ಳೆಯದು ಮಾಡಲಿ ಮಗಾ" ಎನ್ನುತ್ತಿದ್ದ. ನಗುವವರು ನಗಲಿ. ಆ ಮಗನನ್ನು ಅವನು ಬೆಳೆಸಿದ್ದೇ ಹಾಗೆ.

ತೆರೇಸಾ ತೀರಿಕೊಂಡ ಮೇಲೆ ಆ ಕೆಲಸ ಜೋಯೆಲನ ಪಾಲಿಗೆ ಬಂತು. ಅಷ್ಟು ಹೊತ್ತಿಗೆ ಅವನೂ ದಹ್ರಾನ್‌ನಲ್ಲಿ ಇಂಜಿನಿಯರ್. ಹೆಂಡತಿ ಮೆಲಿಷಾ ನರ್ಸ್. ದಿನಾ ಸಂಜೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತೇರ್ಸ್ ಹೇಳಿ, ರೆಕಾರ್ಡ್ ಮಾಡಿ ಅಪ್ಪನ ಫೋನಿಗೆ ಹಾಕುತ್ತಿದ್ದ. ಕಳೆದ ವರ್ಷ ರಾಸ್ ತನೂರಾ ರಸ್ತೆಯಲ್ಲಿ ಅವನ ಕಾರಿಗೆ ಟ್ರೇಲರ್ ಗುದ್ದಿತು. ಆಸ್ಪತ್ರೆ ಮುಟ್ಟುವ ಮೊದಲೇ ಜೋಯೆಲ್ ಹೋಗಿಬಿಟ್ಟ.

ಪ್ಯಾಟ್ರಿಕ್‌ಗೆ ಅಳುವುದು ಬರುತ್ತಿರಲಿಲ್ಲ, ರಿಪೇರಿ ಬರುತ್ತಿತ್ತು. ಮಗ ತೀರಿದ ತಿಂಗಳಿಗೆ ಮಾಡಿಸುವ ಪೂಜೆ ಮುಗಿದ ಮರುದಿನ ಸಂಜೆ ಏಳೂವರೆಗೆ ಜೋಯೆಲನ ಹಳೆಯ ತೇರ್ಸ್ ಒಂದನ್ನು ಸೊಸೆಗೆ ಕಳಿಸಿದ. ಅಂದೇ "ಬೇಡ ಪಪ್ಪಾ" ಎಂದು ಅವಳು ಬರೆದಳು. ದುಃಖದಲ್ಲಿ ಹಾಗನ್ನುತ್ತಾಳೆ, ಮಗನ ಸ್ವರ ಕೇಳುತ್ತಿದ್ದರೆ ಮನೆಗೆ ಜೀವ ಬರುತ್ತದೆ ಎಂದುಕೊಂಡು ಮರುದಿನ ಇನ್ನೊಂದು ಕಳಿಸಿದ, ಆಮೇಲೆ ದಿನಾ ಕಳಿಸಿದ. ಅವಳು ನಂಬರ್ ಬ್ಲಾಕ್ ಮಾಡಿದಾಗ ಬೇರೆ ಸಿಮ್ ಕೊಂಡ. ಅದೂ ಬ್ಲಾಕ್ ಆದಾಗ ಶುಕ್ರವಾರಗಳಂದು ಎರಡು ಗಂಟೆ ಕಾರು ಓಡಿಸಿ ಹೋಗಿ, ಅವಳ ಫ್ಲ್ಯಾಟಿನ ಬಾಗಿಲಲ್ಲಿ ನಿಂತು ಫೋನಿನಲ್ಲಿ ಅದನ್ನೇ ಹಾಕಿದ. ಬಾಗಿಲು ತೆರೆಯಲಿಲ್ಲ. ಮುಂದಿನ ಶುಕ್ರವಾರ ಮತ್ತೆ ಹೋದ.

ಕಂಪನಿಯ ಅರಬಿ ಕಾಗದಪತ್ರ ನೋಡುವ ಉಳ್ಳಾಲದ ರಝಾಕ್‌ಗೆ ವಿಷಯ ಕೇಳಿ ಸಿಟ್ಟು ಬಂತು.

"ಎಂತ ಮಾರಾಯ್ರೇ, ಮಗನ ಸ್ವರ ಕಳಿಸಿದ್ದು ಕಿರುಕುಳವಾ? ಒಂದು ಬೈಗುಳ ಇಲ್ಲ, ಬೆದರಿಕೆ ಇಲ್ಲ. ಉತ್ತರ ನಾನು ಬರೀತೇನೆ."

"ಮಗುವನ್ನು ನೋಡ್ಲಿಕ್ಕೆ ಬಿಡ್ಬೇಕು ಅಂತ ಬರಿ ರಝಾಕ್. ಬೇರೆ ಎಂತದೂ ಬೇಡ."

ನಾಲ್ಕು ಪುಟದ ಉತ್ತರ ತಯಾರಾಯಿತು. ತಾನು ಕೆಟ್ಟದ್ದೇನೂ ಕಳಿಸಿಲ್ಲವೆಂದು ತೋರಿಸಲು ಪ್ಯಾಟ್ರಿಕ್ ಕಳಿಸಿದ್ದೆಲ್ಲದರ ಪಟ್ಟಿಯನ್ನೂ ತಾರೀಕು ಸಮೇತ ಜೋಡಿಸಿದ. ಇನ್ನೂರ ಹನ್ನೆರಡು.

ಠಾಣೆಯಲ್ಲಿ ಮೆಲಿಷಾ ಇನ್ನೊಂದು ತುದಿಯ ಕುರ್ಚಿಯಲ್ಲಿ ಕೂತಿದ್ದಳು. ತುಂಬ ಇಳಿದುಹೋಗಿದ್ದಳು. ಅಧಿಕಾರಿ ಸೌಮ್ಯ ಮನುಷ್ಯ. ನಾಲ್ಕು ಪುಟ ಓದಿ, ಪಟ್ಟಿಯ ಮೇಲೆ ಬೆರಳಿಟ್ಟು ಏನೋ ಕೇಳಿದ. ರಝಾಕ್ ತಲೆ ತಗ್ಗಿಸಿ ತಿಳಿಸಿದ: "ಅವಳು ಬೇಡ ಅಂದದ್ದು ಮೊದಲ ದಿನವೇ. ಮತ್ತೆ ಇನ್ನೂರ ಹನ್ನೊಂದು ಯಾಕೆ ಅಂತ ಕೇಳ್ತಾರೆ."

ಅಧಿಕಾರಿ ಮೆಲಿಷಾಳ ಫೋನಿಗೆ ಬಂದಿದ್ದ ಒಂದು ರೆಕಾರ್ಡನ್ನು ಹಾಕಿ ಆಲಿಸಿದ. ಜೋಯೆಲನ ಸ್ವರ ಕೋಣೆ ತುಂಬಿತು. ಮೆಲಿಷಾ ಎರಡೂ ಕಿವಿ ಮುಚ್ಚಿ ಮೊಣಕಾಲಿನವರೆಗೆ ಬಾಗಿದಳು. ಇವನು ಏನು ಹೇಳುತ್ತಿದ್ದಾನೆ ಎಂದು ಅಧಿಕಾರಿ ಅವಳನ್ನೇ ಕೇಳಿದ. ಈ ನಾಡಿನಲ್ಲಿ ಕ್ರೈಸ್ತರ ಪ್ರಾರ್ಥನೆ ನಾಲ್ಕು ಗೋಡೆಯೊಳಗಿನದು, ಠಾಣೆಯ ಮೇಜಿನ ಮೇಲೆ ಬಿಚ್ಚಿಡುವಂಥದ್ದಲ್ಲ. ಅವಳು ಹೇಳಿಬಿಟ್ಟರೆ ಗತಿಯೇನೆಂದು ಪ್ಯಾಟ್ರಿಕ್ ರಝಾಕ್‌ನ ಕಡೆ ನೋಡಿದ. ಮೆಲಿಷಾ ಕಣ್ಣೊರೆಸಿಕೊಂಡು ತನ್ನ ಆಸ್ಪತ್ರೆಯ ಅರಬಿಯಲ್ಲಿ ಒಂದೇ ಮಾತು ಹೇಳಿದಳು.

"ಮನೆಮಾತು ಅಂದಳು," ರಝಾಕ್ ಪಿಸುಗುಟ್ಟಿದ. "ಮಗ ಅಪ್ಪನ ಹತ್ತಿರ ದಿನಾ ಆಡುವ ಮಾತು, ಅಷ್ಟೇ ಅಂತ."

ಆಮೇಲೆ ಅವಳು ಪ್ಯಾಟ್ರಿಕ್ ಕಡೆ ತಿರುಗಿ ಕೊಂಕಣಿಯಲ್ಲಿ ಮಾತಾಡಿದಳು. "ಪಪ್ಪಾ, ನೀವು ಹೊರಗೆ ನಿಂತು ಅದನ್ನು ಹಾಕಿದಾಗೆಲ್ಲ ಡ್ಯಾಡಿ ಬಂದ ಅಂತ ರಿಯೋನಾ ಬಾಗಿಲಿಗೆ ಓಡ್ತಾಳೆ. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ತೇನೆ. ಡ್ಯಾಡಿಯನ್ನು ಒಳಗೆ ಬಿಡದವಳು ನೀನೇ ಅಂತ ನನಗೆ ಹೊಡೀತಾಳೆ. ನಾನು ಅವಳಿಗೆ ಎಂತ ಹೇಳಲಿ?"

ಬಾಗಿಲಿನ ಆಚೆ ಏನಾಗುತ್ತಿದೆಯೆಂದು ಅಷ್ಟು ಶುಕ್ರವಾರಗಳಲ್ಲಿ ಒಂದು ಸಲವೂ ಪ್ಯಾಟ್ರಿಕ್ ಯೋಚಿಸಿರಲಿಲ್ಲ. ನಾಚಿಕೆಯಿಂದ ಅವನಿಗೆ ಸೊಸೆಯ ಮುಖ ನೋಡಲಾಗಲಿಲ್ಲ.

"ಆ ಉತ್ತರ ವಾಪಸ್ ತಗೋ ರಝಾಕ್. ಮುಚ್ಚಳಿಕೆ ಬರೆದುಕೊಡ್ತೇನೆ."

"ಸೈನ್ ಹಾಕಿದ್ರೆ ಮಗುವನ್ನೂ ನೋಡ್ಲಿಕ್ಕಿಲ್ಲ. ಅವಳಾಗಿ ಕರೆಯುವವರೆಗೆ ಹತ್ತಿರ ಹೋಗ್ಲಿಕ್ಕಿಲ್ಲ."

"ಯಾವಾಗಿನಿಂದ?"

"ಈಗಿನಿಂದಲೇ."

ಪ್ಯಾಟ್ರಿಕ್ ಸಹಿ ಹಾಕಿ, ಹೆಬ್ಬೆಟ್ಟೂ ಒತ್ತಿದ.

ಪ್ಯಾಟ್ರಿಕ್ ಮತ್ತು ರಝಾಕ್ ಹೊರಗೆ ಬಂದರೆ ತಮ್ಮ ಕಾರಿನಿಂದ ನಾಲ್ಕೇ ಮಾರು ದೂರದಲ್ಲಿ ಮೆಲಿಷಾಳ ಕಾರು. ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ಶಮೀರಾ, ಅವಳ ಮಗ್ಗುಲಲ್ಲಿ ರಿಯೋನಾ. ಕಿಟಕಿಯ ಗಾಜು ಅರ್ಧ ಇಳಿದಿತ್ತು. ಮಗು ಈ ಕಡೆ ತಿರುಗುವಷ್ಟರಲ್ಲಿ ಪ್ಯಾಟ್ರಿಕ್ ತಮ್ಮ ಕಾರಿನ ಮರೆಗೆ ಸರಿದು ಕಾದ ಡಾಂಬರಿನ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಮೆಲಿಷಾ ಬಂದು ಬಾಗಿಲು ತೆಗೆದದ್ದು ಕೇಳಿಸಿತು.

"ಒಳಗೆ ಯಾರಿದ್ರು ಮಮ್ಮಿ?" ರಿಯೋನಾ ಕೇಳಿದಳು.

ಮೆಲಿಷಾ "ಆಫೀಸಿನವರು," ಎಂದಳು.

ಕಾರು ಹೊರಟು ಗೇಟು ದಾಟಿತು. ರಝಾಕ್ ರಟ್ಟೆ ಹಿಡಿದು ಎಬ್ಬಿಸುವವರೆಗೆ ಪ್ಯಾಟ್ರಿಕ್ ಏಳಲಿಲ್ಲ.