ರುಮಾಲಿನ ಮೇಲೆ ಹೆಲ್ಮೆಟ್

ಆನೆಕೊಂಡದ ಕೆಂಚವೀರಪ್ಪ ಹತ್ತಿ ದಲಾಲಿ. ಹಳ್ಳಿ ಹಳ್ಳಿ ಸುತ್ತಿ, ಹತ್ತಿ ಹಿಂಜಿ ನೋಡಿ, ದಾವಣಗೆರೆ ಮಂಡಿಗೆ ಮಾಲು ಕೊಡಿಸೋದು ಅವನ ಕಸುಬು. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲೇ. ಅರವತ್ತರ ದಶಕದ ನಡುವೆ ಹಳೆಯದೊಂದು ಫಟ್‌ಫಟಿ ಮೋಟಾರ್ ಸೈಕಲ್ಲು ಕೊಂಡ ಮೇಲಂತೂ ಅವನನ್ನು ಹಿಡಿಯೋರೇ ಇರಲಿಲ್ಲ.

ಅದೇ ವರ್ಷ ಅವನಂತೆ ಫಟ್‌ಫಟಿ ಮೇಲೆ ತಿರುಗುತ್ತಿದ್ದ ದಲಾಲಿ ಮಾರಪ್ಪ ಹರಿಹರದ ರಸ್ತೆಯಲ್ಲಿ ಬಿದ್ದು, ತಲೆ ಒಡೆದು ಸತ್ತ. ಮೈಮೇಲೆ ಬೇರೊಂದು ಗಾಯ ಇರಲಿಲ್ಲ. ಮಣ್ಣು ಮಾಡಿ ಬಂದ ಸಂಜೆಯೇ ಕೆಂಚವೀರಪ್ಪನ ಹೆಂಡತಿ ಕೊಟ್ರವ್ವ ಗಂಡನಿಗೆ ಅಡ್ಡ ನಿಂತಳು.

"ತಲಿಗೆ ಗಟ್ಟಿ ಟೊಪ್ಪಿಗೆ ಬಂದೈತಂತಲ್ಲ, ಅದನ್ನ ತಗೊಳ್ರಿ. ಇಲ್ಲಾಂದ್ರ ನಾ ಆ ಗಾಡಿ ಹತ್ತಂಗಿಲ್ಲ, ನಿಮ್ಮನ್ನೂ ಹತ್ತಾಕ ಬಿಡಂಗಿಲ್ಲ."

ಗಾಡಿ ಸಾಮಾನಿನ ಅಂಗಡಿಯ ಪಾಲಯ್ಯ ಬೊಂಬಾಯಿಂದ ಹೆಲ್ಮೆಟ್ ತರಿಸಿಟ್ಟಿದ್ದ. ಕೊಳ್ಳೋರೇ ಇಲ್ಲದೆ ಅವು ಧೂಳು ತಿನ್ನುತ್ತಿದ್ದವು. ಕೆಂಚವೀರಪ್ಪ ಬಂದು ಕೇಳಿದಾಗ ಒಂದನ್ನು ಒರೆಸುತ್ತಾ ಅವನು, "ರುಮಾಲು ತೆಗೀರಿ, ಅಳತಿ ನೋಡಾನ" ಅಂದ.

ಎದುರಿಗೇ ಚಾದಂಗಡಿ, ಬೆಂಚಿನ ತುಂಬ ಜನ. ನಮ್ಮ ಕಡೆ ನಾಲ್ಕು ಜನರ ಮುಂದೆ ರುಮಾಲು ತೆಗೆಯೋದು ಹೆಣಕ್ಕೆ ಹೆಗಲು ಕೊಡುವಾಗ, ಇಲ್ಲಾ ಸೋತು ಇನ್ನೊಬ್ಬರ ಕಾಲಿಗೆ ಬೀಳುವಾಗ. ಅದು ಸಾಲದು ಅಂತ ರುಮಾಲಿನ ಕೆಳಗೆ ನುಣ್ಣನೆಯ ಬೋಳು ತಲೆ. ಅದನ್ನು ಕೊಟ್ರವ್ವನ ಹೊರತು ಯಾರೂ ಕಂಡಿರಲಿಲ್ಲ.

"ಯಾರು ಸತ್ತಾರಂತ ತೆಗೀಲೋ? ಎಲ್ಲಕ್ಕಿಂತ ದೊಡ್ಡದು ಕೊಡು, ಮೇಲೇ ಕುಂದರ್ತೈತಿ."

ಕುಂತಿತು, ಗಡಿಗೆ ಮೇಲೆ ಮುಚ್ಚಳ ಕುಂತ ಹಾಗೆ.

"ಪಟ್ಟಿ ಗದ್ದಕ್ಕ ಮುಟ್ಟಂಗಿಲ್ರಿ ಯಜಮಾನ್ರ."

"ಮುಟ್ಟದಿದ್ರ ಬಿಡು. ನಾನೇನು ಹೋರಿನಾ, ಮೂಗುದಾರ ಬಿಗ್ಯಾಕ?"

ಚಾದಂಗಡಿಯ ಬೆಂಚು ನಕ್ಕಿತು. ಕೆಂಚವೀರಪ್ಪ ಗೆದ್ದವನಂತೆ ಗಾಡಿ ಒದ್ದ.

ಕೊಟ್ರವ್ವನ ತಮ್ಮ ಕಲ್ಲಪ್ಪನ ಕೂಸಿಗೆ ಹೆಸರಿಡುವ ದಿನ ಬಂತು. ಗಂಡ ಹೆಂಡತಿ ಗಾಡಿ ಮೇಲೆ ಹರಿಹರದ ಹತ್ತಿರದ ಅವಳ ತವರೂರು ಸಾರಥಿಗೆ ಹೊರಟರು. ಹರಿಹರ ಇನ್ನೂ ದೂರವಿತ್ತು. ಎದುರಿನಿಂದ ಹತ್ತಿ ಹೇರಿದ ಲಾರಿಯೊಂದು ಮೈಗೆ ಸವರಿದ ಹಾಗೆ ಹಾದುಹೋಯಿತು. ಅದರ ಗಾಳಿಗೆ ಹೆಲ್ಮೆಟ್ಟೂ ರುಮಾಲೂ ಒಟ್ಟಿಗೇ ಕಿತ್ತು ಹಿಂದಕ್ಕೆ ಹಾರಿದವು.

ಅವನು ಗಾಡಿ ನಿಲ್ಲಿಸಿದ. ರುಮಾಲು ಬಿಚ್ಚಿಕೊಂಡು ಜೋಳದ ಹೊಲದ ಕಡೆ ಓಡುತ್ತಿತ್ತು. ರಸ್ತೆಯಲ್ಲಿ ಎತ್ತಿನ ಗಾಡಿಯೊಂದು ಬರುತ್ತಿತ್ತು. ಅದರೊಳಗಿನವರು ಬೋಳು ತಲೆ ನೋಡಿಬಿಟ್ಟಾರು ಅಂತ ಕೆಂಚವೀರಪ್ಪ ಎದ್ದೆನೋ ಬಿದ್ದೆನೋ ಅಂತ ಓಡಿ, ರುಮಾಲು ಹಿಡಿದು, ಸುತ್ತಿಕೊಂಡು, ಆಮೇಲೆ ತಿರುಗಿದ.

ಕೊಟ್ರವ್ವ ರಸ್ತೆ ಬದಿಯಲ್ಲಿ ಕುಂತಿದ್ದಳು. ಹೆಲ್ಮೆಟ್ಟಿನ ಅಂಚು ಬಾಯಿಗೆ ಬಡಿದಿತ್ತು. ಅಂಗೈಯಲ್ಲಿ ರಕ್ತ, ರಕ್ತದೊಳಗೆ ಎರಡು ಹಲ್ಲು. ಅಷ್ಟೂ ಹೊತ್ತು ಅವಳು ಅವನನ್ನೇ ನೋಡುತ್ತಿದ್ದಳು.

ಸಾರಥಿಯಲ್ಲಿ ಎಲ್ಲರೂ ಸುತ್ತಿಕೊಂಡು ಕೇಳಿದಾಗ ಅವಳೇ ಹೇಳಿದಳು: "ಹೊಸ್ತಿಲ ಎಡವಿ ಬಿದ್ದೆ." ಕೆಂಚವೀರಪ್ಪ ತಲೆ ತಗ್ಗಿಸಿ ಎಲೆಯ ಮುಂದೆ ಕುಂತ. ಅತ್ತೆ ಹುಲಿಗೆಮ್ಮ ಬಿಸಿ ಹೋಳಿಗೆ ತಂದಳು.

"ಇನ್ನೊಂದು ಹಾಕಿಸ್ಕೊಳ್ರಿ ಅಳಿಯಂದ್ರ. ಆಕಿ ಹೆಂಗೂ ಗಂಜಿ ಕುಡದಾಳ. ಆಕಿ ಪಾಲಿಂದೂ ನೀವಽ ಉಣ್ರಿ."

ಕೆಂಚವೀರಪ್ಪ ಹೋಳಿಗೆಯನ್ನು ಎಲೆಯ ಬದಿಗೆ ಸರಿಸಿದ.

"ಆಕಿ ಎಡವಿಲ್ಲ" ಅಂದ. "ನನ್ನ ಟೊಪ್ಪಿಗಿ ಬಡೀತು. ರುಮಾಲು ತೆಗೀಲಾರದ ಸಡ್ಲಂದು ತಂದಿದ್ದೆ. ಮತ್ತ... ನಾನು ಮೊದಲು ರುಮಾಲು ಹಿಡಿಯಾಕ ಓಡಿದೆ."

ಬಡಿಸುತ್ತಿದ್ದ ಕಲ್ಲಪ್ಪ ಸೌಟು ಹಿಡಿದೇ ನಿಂತ.

"ಅಕ್ಕನ್ನ ಬಿಟ್ಟು, ಮಾವ?"

ಮಂಡಿಯಲ್ಲಿ ಎಂಥವರ ಬಾಯನ್ನೂ ಮುಚ್ಚಿಸುತ್ತಿದ್ದವನು ಎಲೆ ಮಡಚಿ ಎದ್ದ.

ಗಾಡಿ ಅಲ್ಲೇ ಬಿಟ್ಟು ಇಬ್ಬರೂ ಬಸ್ಸಿನಲ್ಲಿ ದಾವಣಗೆರೆಗೆ ಬಂದರು. ಕೊಟ್ರವ್ವನನ್ನು ಡಾಕ್ಟರಿಗೆ ತೋರಿಸಿ, ಮನೆಗೆ ಮುಟ್ಟಿಸಿ, ಅವನು ಪಾಲಯ್ಯನ ಅಂಗಡಿಗೆ ನಡೆದ. ಚಾದಂಗಡಿಯ ಬೆಂಚು ತುಂಬಿತ್ತು. ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಬೋಳು ತಲೆಗೆ ಬಿಸಿಲು ಚುರ್ ಅಂದಿತು.

"ಈಗ ಅಳತಿ ನೋಡು."

ಪಾಲಯ್ಯ ಸಣ್ಣದೊಂದು ಹೆಲ್ಮೆಟ್ ಹಾಕಿ, ಪಟ್ಟಿಯನ್ನು ಗದ್ದದ ಕೆಳಗೆ ಬಿಗಿದ. ಕೆಂಚವೀರಪ್ಪ ನಗೆ ಕೇಳಿಸೀತೆಂದು ಕಣ್ಣು ಮುಚ್ಚಿ ಕಾದ. ಕೇಳಿಸಲಿಲ್ಲ. ಮೆಲ್ಲಗೆ ತಿರುಗಿ ನೋಡಿದ. ಬೆಂಚಿನ ಮೇಲಿನವರು ಮಿರ್ಚಿ ತಿನ್ನುತ್ತಾ ಹತ್ತಿ ರೇಟಿನ ಮಾತಲ್ಲಿ ಮುಳುಗಿದ್ದರು. ಒಬ್ಬನೂ ಅವನ ಕಡೆ ನೋಡಿರಲಿಲ್ಲ.

ಇಷ್ಟಕ್ಕೆ ಕೊಟ್ರವ್ವನ ಎರಡು ಹಲ್ಲು ಹೋಗಿದ್ದವು.