ಮೇಲಕ್ಕೆ ಬೆಳೆದ ಕೇರಿ

ನಮ್ಮ ಕಟ್ಟಡದ ಲಿಫ್ಟಿನಲ್ಲಿ ಯಾರೋ ಸುಗಂಧದ ಡಬ್ಬಿಯೊಂದನ್ನು ತೂಗುಹಾಕಿದ್ದಾರೆ. ಮಲ್ಲಿಗೆಯದಂತೆ. ಇವತ್ತು ಬೆಳಿಗ್ಗೆ ಹಾಲು ತರಲು ಇಳಿಯುವಾಗ ಮೂಗು ಅರಳಿಸಿ ನೋಡಿದೆ. ಮಲ್ಲಿಗೆ ಇತ್ತು, ಇಲ್ಲವೆನ್ನಲಾರೆ. ಆದರೆ ಅದರ ಹೆಗಲ ಮೇಲೆ ಕೈಹಾಕಿಕೊಂಡು ಬಂಗಡೆ ಮೀನಿನ ವಾಸನೆಯೂ ನಿಂತಿತ್ತು. ಇಬ್ಬರಲ್ಲಿ ಗೆದ್ದದ್ದು ಬಂಗಡೆಯೇ. ನನಗೆ ಎಷ್ಟು ಖುಷಿಯಾಯಿತೆಂದರೆ, ಕೆಳಗಿಳಿದವಳು ಹಾಲು ಮರೆತು ಹಾಗೆಯೇ ಮೇಲೆ ಹೋಗಿಬಿಟ್ಟೆ. ಅರವತ್ತು ದಾಟಿದ, ಬೆಳಂಬಾರದ ಶಾಲೆಯಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಶಿಸ್ತು ಕಲಿಸಿದ ಹೆಂಗಸು ಹೀಗೆಲ್ಲ ಆಡಬಾರದು ನಿಜ. ಆದರೆ ಆ ವಾಸನೆಗಾಗಿ ನಾನು ಈ ಕಟ್ಟಡದ ಅರ್ಧ ಜನರ ಕೂಡ ಜಗಳ ಕಟ್ಟಿಕೊಂಡಿದ್ದೇನೆ. ಇಷ್ಟು ಸಲಿಗೆಯಾದರೂ ನನಗೆ ಸಲ್ಲಬೇಕು.

ಕಟ್ಟಡ ಎದ್ದಿರುವುದು ಕಾರವಾರದ ಪೇಟೆಯ ಬೆನ್ನಿಗೇ ಇರುವ ನಮ್ಮ ಕೇರಿಯಲ್ಲಿ, ನನ್ನ ತವರುಮನೆಯೂ ಸೇರಿ ನಾಲ್ಕು ಹಂಚಿನ ಮನೆಗಳಿದ್ದ ಜಾಗದಲ್ಲಿ. ನಾನು ಲಂಗ ಹಾಕುತ್ತಿದ್ದ ಕಾಲಕ್ಕೆ ಕೇರಿಯ ಬಾಯಲ್ಲಿ ಒಬ್ಬ ದರ್ಜಿ, ಒಂದು ಕಾಫಿಪುಡಿಯ ಗಿರಣಿ, ಒಂದು ಬಳೆಯಂಗಡಿ ಇದ್ದವು. ಬಳೆಯಂಗಡಿಯವರ ಮನೆ ಅಂಗಡಿಯ ಅಟ್ಟದ ಮೇಲೆಯೇ. ಗಿರಾಕಿ ಬಂದರೆ ಮೇಲಿನಿಂದ ಒಗ್ಗರಣೆಯ ಸದ್ದಿನ ನಡುವೆಯೇ ಉತ್ತರ ಬರುತ್ತಿತ್ತು. ಆಮೇಲೆ ಜನರಿಗೆ ಸ್ಕೂಟರ್ ಬಂತು, ಊರ ಹೊರಗೆ ಸೈಟು ಬಂತು. ಒಬ್ಬೊಬ್ಬರಾಗಿ ಎದ್ದು ಹೋದರು. ದರ್ಜಿ ಮುಚ್ಚಿದ, ಗಿರಣಿ ನಿಂತಿತು. ಪೇಟೆ ಸತ್ತುಹೋಯಿತು ಎಂದು ಎಲ್ಲರೂ ಮರುಗಿದರು, ಹೆದ್ದಾರಿಯ ಬದಿಯ ದೊಡ್ಡ ಅಂಗಡಿಯಲ್ಲಿ ಸಾಮಾನು ಕಟ್ಟಿಸಿಕೊಳ್ಳುತ್ತಲೇ ಮರುಗಿದರು. ಕೊಂದವರು ಯಾರು ಎಂದು ಕೇಳಿದರೆ ಮೊದಲು ಕೈ ಎತ್ತಬೇಕಾದವಳು ನಾನು. ನೌಕರಿಯ ನೆಪದಲ್ಲಿ ಅಂಕೋಲೆಯಲ್ಲಿ ಕಂಪೌಂಡು ಹಾಕಿ ಮನೆ ಕಟ್ಟಿಸಿ, ಗೇಟಿಗೆ ಹಸಿರು ಬಣ್ಣ ಹೊಡೆಸಿದವಳು.

ಹಾಗೆಂದು ಹಳೆಯ ಮನೆ ಹೋಯಿತೆಂದು ಇಲ್ಲಿ ಕಣ್ಣೀರು ಹಾಕುತ್ತೇನೆಂದು ನೀವು ಕಾದಿದ್ದರೆ ನಿರಾಶೆ ಖಂಡಿತ. ಆ ಮನೆ ಸೋರುತ್ತಿತ್ತು. ಬಚ್ಚಲು ಹಿತ್ತಲಲ್ಲಿತ್ತು, ಅಲ್ಲಿಯೇ ಜಾರಿ ಬಿದ್ದು ನನ್ನ ಅಮ್ಮ ಹಾಸಿಗೆ ಹಿಡಿದಳು. ಅಮ್ಮ ಹೋದ ಮೇಲೆ ನಾಲ್ಕೂ ಮನೆಯವರು ಕೂಡಿ ಜಾಗವನ್ನು ಕಟ್ಟಡ ಕಟ್ಟುವವರಿಗೆ ಕೊಟ್ಟಾಗ, ಒಂದು ಮಳೆಗಾಲಕ್ಕೂ ಆ ಮಾಡು ಹತ್ತಿ ಹಂಚು ಸರಿಮಾಡದ ನೆಂಟರೆಲ್ಲ ಫೋನು ಮಾಡಿ ಅತ್ತರು. ನಾನು ಅಳಲಿಲ್ಲ. ಎರಡನೇ ಮಹಡಿಯಲ್ಲಿ ಒಂದು ಮನೆ, ಕೆಳಗೆ ರಸ್ತೆಗೆ ಮುಖವಾಗಿ ಒಂದು ಸಣ್ಣ ಅಂಗಡಿ ಕೋಣೆ ನನ್ನ ಪಾಲಿಗೆ ಬಂತು. ಅಂಕೋಲೆಯ ಹಸಿರು ಗೇಟಿಗೆ ಬೀಗ ಜಡಿದು ಬಂದುಬಿಟ್ಟೆ. ನಿವೃತ್ತರಾದವರು ಗದ್ದಲ ಬಿಟ್ಟು ಹೋಗುತ್ತಾರೆ, ನೀನು ಗದ್ದಲ ಹುಡುಕಿಕೊಂಡು ಹೊರಟಿದ್ದೀ ಎಂದು ನನ್ನ ಗಂಡ ಗೊಣಗಿದರು. ಕೈಗಾದ ಅಣುಸ್ಥಾವರಕ್ಕೆ ಕಂಪನಿ ಬಸ್ಸಿನಲ್ಲಿ ಹೋಗಿ ಬಂದು ಸವೆದ ಜೀವ, ಕಾಡಿನ ಮೌನ ರೂಢಿಯಾದವರು. ಅಂಕೋಲೆಯ ಬಡಾವಣೆಯಲ್ಲಿ ಎರಡು ಎಸಳು ಕರಿಬೇವು ಬೇಕೆಂದರೂ ಸ್ಕೂಟರ್ ಒದೆಯಬೇಕಿತ್ತಲ್ಲ, ಅದನ್ನು ಅವರಿಗೆ ನೆನಪಿಸಿದೆ. ಎದುರಿನ ಹೋಟೆಲಿನ ಬಿಸಿ ಬನ್ಸು ಕಂಡ ಮೇಲೆ ಅವರೂ ಗೊಣಗುವುದನ್ನು ಬಿಟ್ಟರು.

ನಾನು ಹೇಳಹೊರಟದ್ದು ಶೇವಂತಿಯ ಕತೆ. ಶೇವಂತಿ ನಮ್ಮ ಕೇರಿಯ ಮೀನಿನವಳು. ನಾನು ಹೈಸ್ಕೂಲಿನಲ್ಲಿದ್ದಾಗ, ತಾನು ಮದುವೆಯಾಗಿ ಬಂದ ಹೊಸದರಲ್ಲಿ, ಅತ್ತೆಯ ಹಿಂದೆ ಖಾಲಿ ಬುಟ್ಟಿ ಹೊತ್ತು ನಮ್ಮ ಅಂಗಳಕ್ಕೆ ಬಂದಿದ್ದಳು. ಮೀನು ಮಾರುವ ಹೆಂಗಸರಲ್ಲಿ ಆಗೊಂದು ಕಟ್ಟು ಇತ್ತು. ಬೈತಕೋಲದ ಬಂದರದಲ್ಲಿ ಮೀನು ಕೊಂಡು ಹೊರಟವರು ಕಂಡ ಕಂಡ ಮನೆಗೆ ಹೋಗುವ ಹಾಗಿಲ್ಲ. ಒಬ್ಬೊಬ್ಬಳಿಗೆ ಒಂದೊಂದು ಕೇರಿ. ಆ ಕೇರಿಯ ಮನೆಗಳು ಅವಳವು. ಅತ್ತೆಯಿಂದ ಸೊಸೆಗೆ ಬಂಗಾರದ ಜೊತೆಗೆ ಕೇರಿಯೂ ಬರುತ್ತಿತ್ತು. ಶೇವಂತಿಯ ಅತ್ತೆ ಅವತ್ತು ಬಂದದ್ದು ಮೀನು ಮಾರಲಿಕ್ಕಲ್ಲ, ನಮ್ಮನ್ನು ಸೊಸೆಗೆ ಒಪ್ಪಿಸಲಿಕ್ಕೆ. ಯಾರ ಮನೆಯಲ್ಲಿ ಸೋಮವಾರ ಒಲ್ಲರು, ಯಾರ ಮನೆಯಲ್ಲಿ ಶ್ರಾವಣ ಪೂರ್ತಿ ಒಲ್ಲರು, ಯಾರಿಗೆ ಶೆಟ್ಲಿ ತಿಂದರೆ ಮೈ ತುರಿಸುತ್ತದೆ, ಎಲ್ಲವನ್ನೂ ಬಾಗಿಲು ಬಾಗಿಲಿಗೆ ನಿಲ್ಲಿಸಿ ಹೇಳಿಕೊಟ್ಟಳು. ಸೀಗಡಿಗೆ ನಮ್ಮ ಕಡೆ ಶೆಟ್ಲಿ ಎನ್ನುವುದು, ತುರಿಸುತ್ತಿದ್ದದ್ದು ನನಗೇ.

ಕಟ್ಟು ಎರಡೂ ಕಡೆಗೆ. ಶೇವಂತಿಗೆ ಜ್ವರ ಬಂದರೆ ಕೇರಿಗೆ ಕೇರಿಯೇ ಒಣಮೀನು ಸುಟ್ಟುಕೊಂಡು ಉಣ್ಣುತ್ತಿತ್ತು. ಒಮ್ಮೆ ಹಾಗೆ ಆಕೆ ಮಲಗಿದಾಗ, ದಾರಿ ತಪ್ಪಿ ಬಂದ ಬೇರೊಬ್ಬಳ ಬುಟ್ಟಿಯಲ್ಲಿ ತೆರೆಯ ನೀರು ಇನ್ನೂ ಆರದ ತಾರ್ಲೆ ಮೀನು ಕಂಡು ಅಪ್ಪನ ಗಂಟಲು ಏರಿ ಇಳಿಯಿತು. ಅಮ್ಮ ಬಾಗಿಲಿನಿಂದ ಕದಲಲಿಲ್ಲ. ನಮ್ಮವಳು ಮಲಗಿದ್ದಾಳೆ, ಅವಳು ಹೇಳಿ ಕಳಿಸಿದರೆ ಮಾತ್ರ ತೆಗೆದುಕೊಳ್ಳುತ್ತೇವೆ ಎಂದಳು. ಬಂದವಳೂ ಬೇಸರ ಮಾಡಲಿಲ್ಲ, ಅದು ಸರಿಯೇ ಎಂಬಂತೆ ಬುಟ್ಟಿ ಎತ್ತಿಸಿಕೊಂಡು ಹೋದಳು. ನಾಲ್ಕನೆಯ ಮನೆಯವರು ಮೀನನ್ನೇ ಮುಟ್ಟದವರು. ಅಲ್ಲಿಯೂ ಶೇವಂತಿ ದಿನಾ ನಿಲ್ಲುತ್ತಿದ್ದಳು, ಒಂದು ತಂಬಿಗೆ ನೀರು ಕುಡಿದು ಆ ಮನೆಯ ಅಜ್ಜಿಯ ಮಂಡಿನೋವು ವಿಚಾರಿಸಲು. ಮೀನು ತಿನ್ನದಿದ್ದರೇನಾಯಿತು, ಮನೆ ಅವಳದೇ.

ಕೇರಿ ಖಾಲಿಯಾದಾಗಲೂ ಅವಳು ಬಿಡಲಿಲ್ಲ. ಕಟ್ಟಡ ಏಳುವ ಎರಡು ಮೂರು ವರ್ಷ ಮರಳಿನ ರಾಶಿಯ ಪಕ್ಕ ಕೂತು, ಬಯಲುಸೀಮೆಯಿಂದ ಬಂದ ಕೆಲಸದವರಿಗೆ ತಾರ್ಲೆ ಮಾರಿದಳು. ಅವರಿಗೆ ಮುಳ್ಳು ಬಿಡಿಸಲು ಬಾರದು, ಅದನ್ನೂ ಕಲಿಸಿದಳು. ನಾನು ಅಂಕೋಲೆಯಿಂದ ಕೆಲಸ ನೋಡಲು ಬಂದಾಗೆಲ್ಲ, ಇನ್ನು ಎಷ್ಟು ದಿನ ತಂಗಿ ಎಂದು ಕೇಳುವಳು. ನಾನು ಹುಡುಗಿಯಾಗಿದ್ದಾಗಿನಿಂದಲೂ ಅವಳಿಗೆ ತಂಗಿಯೇ.

ಇಪ್ಪತ್ತು ಮನೆ ತುಂಬಿದವು. ಬ್ಯಾಂಕಿನವರು, ಆಸ್ಪತ್ರೆಯವರು, ಕೈಗಾದವರು, ಮಕ್ಕಳ ಶಾಲೆ ಹತ್ತಿರವೆಂದು ಬಂದವರು. ಸಂಘವಾಯಿತು. ಮೂರನೇ ಮಹಡಿಯ ನಿವೃತ್ತ ಅಧಿಕಾರಿಯೊಬ್ಬರು ಅಧ್ಯಕ್ಷರು. ಅಕ್ಷರ ಚೆಂದವೆಂಬ ಒಂದೇ ಯೋಗ್ಯತೆಯ ಮೇಲೆ ನಾನು ಕಾರ್ಯದರ್ಶಿ. ಮೊದಲ ಸಭೆಯಲ್ಲೇ ಸುರಕ್ಷತೆಯ ಮಾತು ಬಂತು. ಯಾವ ಬಗೆಯ ಮಾರಾಟಗಾರರಿಗೂ ಗೇಟಿನೊಳಗೆ ಪ್ರವೇಶವಿಲ್ಲ ಎಂದು ಠರಾವು. ನಾನು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ಬರೆದು ಗೇಟಿಗೆ ಅಂಟಿಸಿ ಬಂದೆ.

ನೀವು ನಂಬಲಿಕ್ಕಿಲ್ಲ, ಬರೆಯುವಾಗ ಶೇವಂತಿ ನನ್ನ ನೆನಪಿಗೇ ಬರಲಿಲ್ಲ. ಮಾರಾಟಗಾರರು ಎಂದರೆ ಚಾದರ ಮಾರುವವರು, ಕುಕ್ಕರು ರಿಪೇರಿಯವರು. ಶೇವಂತಿ ಮಾರಾಟಗಾರ್ತಿ ಹೇಗಾದಾಳು? ಅವಳು ಶೇವಂತಿ. ನಮ್ಮ ಕೇರಿಯಲ್ಲಿ ಹುಟ್ಟಿದವರಷ್ಟೇ ಮಾಡಬಹುದಾದ ತಪ್ಪು ಇದು. ಗೇಟಿನ ಕಾವಲುಗಾರ ಬೇರೆ ಊರಿನವನು, ಅವನು ಬರೆದದ್ದನ್ನು ಬರೆದಂತೆ ಓದಿದ.

ಮರುದಿನ ಬೆಳಿಗ್ಗೆ ನಾನು ಇಳಿದು ಬರುವಾಗ ಅವಳು ಗೇಟಿನ ಹೊರಗೆ ಬುಟ್ಟಿ ಇಳಿಸಿ, ಸೊಂಟಕ್ಕೆ ಕೈಕೊಟ್ಟು ಆ ಕಾಗದ ಓದುತ್ತಿದ್ದಳು. ನಾಲ್ಕನೇ ಇಯತ್ತೆಯವರೆಗೆ ಕಲಿತವಳು.

"ಅಕ್ಷರ ಚೆಂದ ಅದೆ, ಅಕ್ಕೋರೇ" ಎಂದಳು. "ನಂಗೆ ಓದೂಕೆ ತ್ರಾಸೇ ಆಗ್ಲಿಲ್ಲ."

ತಂಗಿ ಎನ್ನಲಿಲ್ಲ, ನೋಡಿ. ಊರಿನ ಮಕ್ಕಳು ಮಾಸ್ತರಿಣಿಯನ್ನು ಕರೆಯುವ ಹಾಗೆ ಅಕ್ಕೋರೇ ಎಂದಳು. ನನ್ನ ಮುಖಕ್ಕೆ ಹೊಡೆದಂತಾಯಿತು. ನಾನು ಏನೋ ತೊದಲಿದೆ, ಸಂಘ, ನಿಯಮ ಎಂದೆ. ಅವಳ ತವರು ತೋಡೂರಿನ ಕಡೆ. ಆ ಮನೆಯ ಜಾಗ ನೌಕಾನೆಲೆಯ ಯೋಜನೆಗೆ ಹೋಗಿತ್ತು.

"ತವರಾಗೆ ಒಂದ್ ಸಲ ಕಾಗದ ತೋರ್ಸಿ ಎಬ್ಸಿದ್ರು. ಅದು ಸರಕಾರದ ಕಾಗದ. ಇದು ನಿಮ್ಮದು" ಎಂದಳು. ಆಮೇಲೆ ತಲೆಯೆತ್ತಿ ಐದೂ ಮಹಡಿಯನ್ನು ಎಣಿಸುವವಳಂತೆ ನೋಡಿದಳು. "ನಾಲ್ಕ್ ಮನೆ ಕೆಡವಿ ಒಂದ್ರ ಮೇಲೆ ಒಂದು ಇಪ್ಪತ್ತು ಕಟ್ಟಿದ್ರಿ. ಕೆಳಗಿನ ಜಾಗ ಅದೇ ಅಲ್ವಾ? ಹಂಗಾರೆ ಇಪ್ಪತ್ತೂ ನನ್ ಮನೇನೆ. ನಾ ಬಿಡುದಿಲ್ಲ."

ಬುಟ್ಟಿಯನ್ನು ತಾನೇ ಎತ್ತಿಕೊಂಡು ಹೋದಳು. ನಾನು ಕೈಕೊಡಲು ಮುಂದೆ ಹೋದದ್ದನ್ನು ನೋಡಲೇ ಇಲ್ಲ. ಅವತ್ತಿಡೀ ನನಗೆ ಅನ್ನ ಸೇರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ಕಾದ ಕೇರಿಯನ್ನು ನಾನು ಕೆಂಪು ಶಾಯಿಯಲ್ಲಿ ಕಳೆದಿದ್ದೆ.

ಸಂಜೆ ಲಿಫ್ಟಿನಲ್ಲಿ ನನ್ನೊಡನೆ ಹೆಲ್ಮೆಟ್ಟು ಹಾಕಿದ ಒಬ್ಬಾತ ಹತ್ತಿದ. ಕೈಯಲ್ಲಿ ಬಿಳಿ ಥರ್ಮಾಕೋಲಿನ ಡಬ್ಬಿ. ಏನಪ್ಪಾ ಅದು ಎಂದೆ. ಮೀನು, ಮೂರನೇ ಮಹಡಿಗೆ ಎಂದ. ಫೋನಿನಲ್ಲಿ ಕರೆಸಿದ್ದು, ಯಾವ ಊರಿನ ಮಂಜುಗಡ್ಡೆಯಲ್ಲಿ ಎಷ್ಟು ದಿನ ಮಲಗಿತ್ತೋ. ಬೈತಕೋಲದಲ್ಲಿ ಬೆಳಿಗ್ಗೆ ಮಿಡುಕುತ್ತಿದ್ದ ಮೀನಿಗೆ ಗೇಟಿನಲ್ಲಿ ತಡೆ, ಇದಕ್ಕೆ ಲಿಫ್ಟು. ನನ್ನ ನೆತ್ತಿ ಬಿಸಿಯಾಯಿತು. ಮೊದಲು ಕೆಳಗಿಳಿದು ಆ ಕಾಗದ ಕಿತ್ತೆ. ಆಮೇಲೆ ಸಂಘದ ವಹಿಯನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟು, ಕಾರ್ಯದರ್ಶಿಯ ಕೆಲಸ ನನ್ನಿಂದಾಗದು ಎಂದೆ. ಅವರು ಸಭ್ಯರು, ಸಮಾಧಾನ ಹೇಳಿದರು. ಇವತ್ತು ಮೀನಿನವಳು, ನಾಳೆ ಇನ್ನೊಬ್ಬರು, ಕಟ್ಟಡ ಸಂತೆಯಾಗುತ್ತದೆ ಎಂದರು. ಸಂತೆಯ ಪಕ್ಕ ಬೇಕೆಂದೇ ಅಲ್ಲವೇ ನಾವೆಲ್ಲ ಇಲ್ಲಿ ಮನೆ ಹಿಡಿದದ್ದು ಎಂದು ಕೇಳಿದೆ.

ನನ್ನ ಅಂಗಡಿ ಕೋಣೆಯನ್ನು ಏಟಿಎಮ್ಮಿಗೆ ಕೊಡುವುದೆಂದು ಮಾತಾಗಿತ್ತು. ಅದನ್ನು ಮುರಿದೆ. ಗಂಡ ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ ಕೋಣೆಗೆ ನೀರಿನ ನಲ್ಲಿ ಎಲ್ಲಿ ಹಾಕಿಸಬೇಕೆಂದು ತಾವೇ ಅಳತೆ ತೆಗೆದರು. ನಾನು ಬಂದರಕ್ಕೆ ಹೋಗಿ ಶೇವಂತಿಯ ಕೈಗೆ ಬೀಗದಕೈ ಕೊಟ್ಟೆ. ಹಿಗ್ಗುತ್ತಾಳೆ, ಕಣ್ಣು ಒರೆಸಿಕೊಳ್ಳುತ್ತಾಳೆ ಎಂದೆಲ್ಲ ದಾರಿಯುದ್ದಕ್ಕೂ ಕಲ್ಪಿಸಿಕೊಂಡು ಹೋಗಿದ್ದೆ. ಅವಳು ಬೀಗದಕೈಯನ್ನು ಹಳಸಿದ ಮೀನು ನೋಡುವ ಹಾಗೆ ತಿರುಗಿಸಿ ನೋಡಿದಳು.

"ಅಂಗಡಿಲಿ ಕೂತವ್ಳಿಗೆ ಗಿರಾಕಿ ಇರ್ತ್ರು, ತಂಗಿ. ಮನೆ ಇರುದಿಲ್ಲ."

ತಂಗಿ ಎಂಬುದು ಮರಳಿ ಬಂದಿತ್ತು, ಆದರೆ ನನ್ನ ದಾನಶೂರತನದ ಗಾಳಿ ಪೂರ್ತಿ ಇಳಿದಿತ್ತು. ಮಂಡಿ ಅವಳಿಗೂ ನೋಯುತ್ತದೆ, ಬಿಸಿಲಲ್ಲಿ ಕೂರುವುದು ಅವಳಿಗೂ ಬೇಡ, ಕೂರುತ್ತೇನೆ ಎಂದಳು. ಆದರೆ ಹತ್ತೂವರೆಗೆ ಬಾಗಿಲು ಎಳೆದು ಮೇಲೆ ಹತ್ತುತ್ತೇನೆ, ಪ್ರತಿ ಮನೆಗೂ ಹೋಗುತ್ತೇನೆ, ಮೊದಲ ದಿನ ಜೊತೆಗೆ ನೀನು ಬರಬೇಕು ಎಂಬ ಕರಾರು ಹಾಕಿದಳು. ಅವಳ ಅತ್ತೆ ಅವಳನ್ನು ಕರೆತಂದ ಹಾಗೆ.

ಹೋದೆ. ಶೇವಂತಿಗೆ ಲಿಫ್ಟಿನ ಮೇಲೆ ನಂಬಿಕೆಯಿಲ್ಲ, ಮೆಟ್ಟಿಲೇ; ಲಿಫ್ಟು ಹತ್ತುವುದು ಕೆಳಗಿನ ಅಂಗಡಿಯಲ್ಲಿ ಕೊಂಡವರ ಚೀಲದ ಮೀನು. ಕಾವಲುಗಾರ ನನ್ನ ಮುಖ ನೋಡಿ ಸುಮ್ಮನೆ ದಾರಿ ಬಿಟ್ಟ. ಒಂದೊಂದು ಬಾಗಿಲಲ್ಲೂ ನಿಂತು, ಇವಳು ಶೇವಂತಿ, ಈ ಕೇರಿಯವಳು ಎಂದೆ. ಕೆಲವರು ನಕ್ಕು ಬಂಗಡೆ ಕೊಂಡರು. ಇಬ್ಬರು ಬಾಗಿಲನ್ನು ಅರ್ಧವೇ ತೆರೆದರು. ನಾಲ್ಕನೇ ಮಹಡಿಯ ಸಸ್ಯಾಹಾರಿ ದಂಪತಿ ಗಾಬರಿಯಾದಾಗ ಅವಳು ಒಂದು ಲೋಟ ನೀರು ಮಾತ್ರ ಕೇಳಿದಳು. ಅಧ್ಯಕ್ಷರ ಮನೆಯಲ್ಲಿ ಅವರ ಹೆಂಡತಿ, ಇವತ್ತು ಸೋಮವಾರ, ನಮ್ಮಲ್ಲಿ ತಿನ್ನುವುದಿಲ್ಲ ಎಂದು ಬಾಗಿಲಿಗೆ ಕೈಹಾಕಿದರು.

"ಹಂಗಾರೆ ನಾಳೆ ಬತ್ತೆ" ಎಂದಳು ಶೇವಂತಿ, ಬಹಳ ವಿನಯದಿಂದ. ಮರುದಿನ ಹೋದಳು. ಆಮೇಲೆಯೂ ಹೋದಳು. ಆ ಬಾಗಿಲು ಕೆಲವು ದಿನ ತೆರೆಯುತ್ತದೆ, ಕೆಲವು ದಿನ ಇಲ್ಲ.

ಈಗ ಕೇರಿಯ ಬಾಯಲ್ಲಿ ರವಿಕೆ ಹೊಲಿಯುವ ಹುಡುಗಿಯೊಬ್ಬಳು ಶಟರ್ ಎತ್ತಿದ್ದಾಳೆ. ಅದರ ಪಕ್ಕದಲ್ಲಿ ಹಿಟ್ಟಿನ ಗಿರಣಿ ಬಂದಿದೆ. ಸತ್ತಿತೆಂದು ಮರುಗಿಸಿಕೊಂಡ ಪೇಟೆ ಎದ್ದು ಕೂತು ಚಹಾ ಕುಡಿಯುತ್ತಿದೆ. ಎಲ್ಲರಿಗೂ ಇದು ಹಿಡಿಸಿಲ್ಲ. ಬರುವ ಭಾನುವಾರ ಸಂಘದ ವಿಶೇಷ ಸಭೆಯಿದೆ: ನನ್ನ ಅಂಗಡಿ ಮುಚ್ಚಿಸುವುದು, ಶೇವಂತಿ ಮೆಟ್ಟಿಲು ಹತ್ತುವುದನ್ನು ನಿಲ್ಲಿಸುವುದು. ಇವತ್ತು ಮರೆತ ಹಾಲಿಗೆಂದು ಮತ್ತೆ ಇಳಿದಾಗ ಅಧ್ಯಕ್ಷರು ಎದುರಾಗಿ, ಮನೆಗೊಬ್ಬರಂತೆ ಬರಬೇಕು, ನೀವೂ ತಪ್ಪದೆ ಬನ್ನಿ ಎಂದರು. ಬರುತ್ತೇನೆ ಎಂದೆ. ಶೇವಂತಿಯೂ ಬರುತ್ತಾಳೆ, ನಮಗೆಲ್ಲ ಒಂದೊಂದೇ ಮನೆ, ಇಪ್ಪತ್ತೂ ಮನೆ ಇರುವವಳು ಈ ಕಟ್ಟಡದಲ್ಲಿ ಅವಳೊಬ್ಬಳೇ, ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸಿ ಎಂದೆ. ಅವರು ನಗೆಯೆಂದುಕೊಂಡರು. ಅಂಗಡಿಗೆ ಹೋಗಿ ಹೇಳಿದಾಗ ಶೇವಂತಿ ನಗಲಿಲ್ಲ. ಭಾನುವಾರ ಮೀನಿನ ದಿನ, ಸಭೆ ಮಧ್ಯಾಹ್ನದ ಮೇಲೆ ಇಟ್ಟುಕೊಳ್ಳಲು ಹೇಳು ಎಂದಳು. ಹೇಳಿ ಬಂದಿದ್ದೇನೆ. ಕುರ್ಚಿ ಹಾಕದಿದ್ದರೆ ನನ್ನ ಕುರ್ಚಿಯಲ್ಲಿ ಅವಳು ಕೂರುತ್ತಾಳೆ, ನಾನು ಬಾಗಿಲಲ್ಲಿ ನಿಂತಿರುತ್ತೇನೆ.