ಬಾಗಿಲಿಗೆಂದು ಒಣಗಿಸಿದ ಸಾಗವಾನಿ

೧೯೬೪ರ ಜುಲೈ ತಿಂಗಳಲ್ಲಿ, ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ, ಧಾರವಾಡದ ಸಪ್ತಾಪುರದ ಬಾಡಿಗೆ ಮನೆಯಲ್ಲಿ ನನ್ನ ಅವ್ವ ತೀರಿಕೊಂಡಳು. ಆಗ ಹಿತ್ತಲಲ್ಲಿ, ತಾಡಪತ್ರಿಯ ಕೆಳಗೆ, ನಮ್ಮ ಸ್ವಂತ ಮನೆಯ ಮುಂಬಾಗಿಲಿಗೆಂದು ತಂದಿಟ್ಟ ಸಾಗವಾನಿ ಹಲಗೆಗಳಿದ್ದವು.

ಬಾಡಿಗೆ ಮನೆಯ ಬಾಗಿಲನ್ನು ಹಸಿ ಕಟ್ಟಿಗೆಯಲ್ಲೇ ಮಾಡಿಸಿದ್ದರು. ಮಳೆಗಾಲದಲ್ಲಿ ಉಬ್ಬಿ ಚೌಕಟ್ಟನ್ನು ಕಚ್ಚಿಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಸೊರಗಿ, ಸಂದಿಯಿಂದ ಬೀದಿ ಕಾಣುತ್ತಿತ್ತು. ಅವ್ವನಿಗೆ ಹೃದಯದ ಕಾಯಿಲೆ. ಸ್ವಲ್ಪ ನಡೆದರೆ ಏದುಸಿರು, ಸಂಜೆಗೆ ಕಾಲು ಬಾವು. ಒಂದು ಮಧ್ಯಾಹ್ನ ಅಪ್ಪ ಹೊರಗಿನಿಂದ ಹೆಗಲು ಕೊಟ್ಟು ನೂಕಿ ಒಳಗೆ ಬಂದಾಗ ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಹಾಲಿನವನು ಕೂಗಿ ಹೋಗಿದ್ದ. ಬಾಗಿಲು ಎಳೆದೂ ಎಳೆದೂ ಸೋತಿದ್ದಳು. ಹೊಸ ಮನೆಗೆ ಒಂದೇ ಬೆರಳಿಗೆ ತೆರೆಯುವ ಬಾಗಿಲು ಹಚ್ಚಿಸುತ್ತೇನೆ ಎಂದು ಅಪ್ಪ ಆ ದಿನ ಹೇಳಿದರು.

ದಿಮ್ಮಿಯನ್ನು ಹುಬ್ಬಳ್ಳಿಯಲ್ಲಿ ಕೊಯ್ಯಿಸಿ ತಂದರು. ಹಿತ್ತಲಿನ ನೆರಳಲ್ಲಿ ಕಲ್ಲುಗಳ ಮೇಲೆ ಹಲಗೆಗಳನ್ನು ಒಟ್ಟಿ, ಗಾಳಿಯಾಡಲು ನಡುನಡುವೆ ತೆಳು ಪಟ್ಟಿ ಇಟ್ಟರು. ತುದಿಗಳು ಬೇಗ ಆರಿದರೆ ಹಲಗೆ ಸೀಳುತ್ತದೆಂದು ಅಲ್ಲಿಗೆ ಡಾಂಬರು ಬಳಿದರು. ಕಚೇರಿಯಿಂದ ಬಂದವರು ಟೋಪಿ ತೆಗೆಯುವ ಮೊದಲು ಹಿತ್ತಲಿಗೆ ಹೋಗಿ, ಬೆರಳಿನ ಗೆಣ್ಣಿನಿಂದ ಹಲಗೆ ಬಡಿದು ಸದ್ದು ಕೇಳುತ್ತಿದ್ದರು. ಪ್ರತಿ ಸಲ ಒಂದೇ ಮಾತು: "ಇನ್ನೂ ಒಣಗಿಲ್ಲ."

ಎರಡು ಬೇಸಿಗೆ ಹೋದವು. ಪಕ್ಕದ ಓಣಿಯಲ್ಲಿ ಹೊಸ ಮನೆಯ ಗೋಡೆ ಎದ್ದು ಹಂಚು ಕೂತಿತ್ತು. ಬಾಗಿಲಿನ ಜಾಗ ಮಾತ್ರ ತೆರೆದಿತ್ತು. ಎರಡನೆಯ ಬೇಸಿಗೆಯಲ್ಲಿ ಬಡಿಗ ಬಂದು ನೋಡಿ, ಇಷ್ಟು ಒಣಗಿದ್ದು ಸಾಕು, ಅಗಸೆ ಎಣ್ಣೆ ಕುಡಿಸಿದರೆ ನೀರು ಹಿಡಿಯುವುದಿಲ್ಲ, ಕೆಲಸ ಹಿಡಿಯುತ್ತೇನೆ ಎಂದ. ಅಪ್ಪ ಎಣ್ಣೆಗೆ ಒಪ್ಪಿದರು, ಕೆಲಸಕ್ಕೆ ಒಪ್ಪಲಿಲ್ಲ. ಅವ್ವ ಮಣೆ ಹಾಕಿಕೊಂಡು ಕೂತು, ಹಳೆಯ ಸೀರೆಯ ತುಂಡಿನಿಂದ ಹಲಗೆಗಳಿಗೆ ಎಣ್ಣೆ ತಿಕ್ಕಿದಳು. ಬೇಡವೆಂದರೂ ಕೇಳಲಿಲ್ಲ. ಬಾಣಂತಿಗೂ ಯಾರೂ ಇಷ್ಟು ಎಣ್ಣೆ ಹಚ್ಚುವುದಿಲ್ಲ ಎಂದು ನೆರೆಯವರ ಮುಂದೆ ನಕ್ಕಳು.

ಮೇ ಕೊನೆಗೆ ಅವಳು ಹಾಸಿಗೆ ಹಿಡಿದಳು. ಬಾಗಿಲಿನ ಜಾಗಕ್ಕೆ ಬಿದಿರಿನ ತಟ್ಟಿ ಕಟ್ಟಿಕೊಂಡಾದರೂ ಹೊಸ ಮನೆಗೆ ಹೋಗೋಣ ಎಂದು ಕೇಳಿದಳು. ಆಷಾಢ ಬಂದರೆ ಹೊಸ ಮನೆಯ ಪ್ರವೇಶ ಮಾಡುವಂತಿಲ್ಲ ಎಂಬುದು ಅವಳ ಚಿಂತೆ. ಅಪ್ಪ, ಬಾಗಿಲಿಲ್ಲದ ಮನೆಗೆ ನಿನ್ನನ್ನು ಕರೆದೊಯ್ಯುವುದಿಲ್ಲ ಎಂದರು.

"ಹಂಗಾರ ಬಾಗಲಾ ಹಚ್ಚಸ್ರಿ. ಉಬ್ಬಿದ್ರ ಉಬ್ಬವಲ್ದ್ಯಾಕ. ನನ್ನ ಕಾಲೂ ಬಾತಾವ, ನನ್ನ ಹೊರಗ ಹಾಕೀರೇನು?"

ಅಪ್ಪ ನಗಲಿಲ್ಲ. "ಇನ್ನೊಂದ ಬ್ಯಾಸಿಗಿ ತಡಿ. ಹಸೀದು ಹಚ್ಚಿ ಜೀವನಾ ಪೂರ್ತಿ ಒದ್ದಾಡೂದು ಬ್ಯಾಡ."

ಅವಳು ಮತ್ತೆ ಕೇಳಲಿಲ್ಲ. ಆಷಾಢ ಬಂತು.

ಅವಳು ತೀರಿಕೊಂಡ ದಿನ ಕಾಕಾ, ಅಂದರೆ ಅಪ್ಪನ ತಮ್ಮ, ಉಪ್ಪಿನಬೆಟಗೇರಿಯಿಂದ ಬಂದವನು ಚಿತೆಯ ಸೌದೆಗೆಂದು ಕಟ್ಟಿಗೆ ಅಡ್ಡೆಗಳಿಗೆ ಹೋಗಿ ಬಂದ. ಎಲ್ಲ ಕಡೆ ಜಾಲಿ ಕಟ್ಟಿಗೆ ನೆನೆದು ನೀರು ಸೋರುತ್ತಿತ್ತು. ಅದೊಂದರಿಂದಲೇ ಬೆಂಕಿ ಹತ್ತುವುದಿಲ್ಲ ಎಂದ. ಅವನ ಕಣ್ಣು ಹಿತ್ತಲಿನ ಕಡೆ ಹೋಗಿತ್ತು.

ಅಪ್ಪ ಎದ್ದು ಹೋಗಿ ತಾಡಪತ್ರಿ ಸರಿಸಿದರು. ಅವ್ವನ ಸೀರೆಯ ತುಂಡು ಅಲ್ಲೇ ಹಲಗೆಯ ಮೇಲೆ ಗಟ್ಟಿಯಾಗಿ ಒಣಗಿ ಅಂಟಿತ್ತು. ಎಂದಿನಂತೆ ಗೆಣ್ಣಿನಿಂದ ಬಡಿದು ಕೇಳಿದರು.

"ಒಣಗೇದ," ಎಂದರು. "ಒಯ್ಯಿ."

"ಅಣ್ಣಾ, ಇದು ಬಾಗಲದ್ದು."

"ಗೊತ್ತದ. ಒಯ್ಯಿ."

ಕಾಕಾ ಕೊಡಲಿಯಿಂದ ಸೀಳಿದ. ಸ್ಮಶಾನದ ತಗಡಿನ ಚಪ್ಪರದ ಕೆಳಗೆ ಸಾಗವಾನಿಯನ್ನು ತಳಕ್ಕೆ, ಜಾಲಿಯನ್ನು ಮೇಲಕ್ಕೆ ಒಟ್ಟಿದರು. ಎಣ್ಣೆ ಕುಡಿದ ಹಲಗೆ ತಡಮಾಡದೆ ಹತ್ತಿಕೊಂಡಿತು. ಜಾಲಿ ಬಹಳ ಹೊತ್ತು ಹೊಗೆಯಾಡಿ, ಆಮೇಲೆ ಉರಿಯಿತು.

ಮುಂದಿನ ವರ್ಷ ನಾವು ಹೊಸ ಮನೆಗೆ ಹೋದೆವು. ಬಾಗಿಲನ್ನು ಅಪ್ಪ ಅಡ್ಡೆಯಲ್ಲಿ ಸಿಕ್ಕ ಮತ್ತಿ ಮರದ ಹಸಿ ಕಟ್ಟಿಗೆಯಿಂದ ಮಾಡಿಸಿದರು. ಒಣಗಿಸಲಿಲ್ಲ, ಎಣ್ಣೆಯನ್ನೂ ಹಚ್ಚಿಸಲಿಲ್ಲ. ಮೊದಲ ಮಳೆಗೇ ಅದು ಉಬ್ಬಿತು. ಅಂಚು ಹೆರೆದು ಕೊಡುತ್ತೇನೆಂದು ಬಡಿಗ ಬಂದಾಗ ಅಪ್ಪ ಬೇಡವೆಂದು ಕಳಿಸಿದರು.

೧೯೬೯ರ ಆಷಾಢದಲ್ಲಿ, ಹುಬ್ಬಳ್ಳಿಯ ಪತ್ರಿಕೆಯ ಕೆಲಸದಿಂದ ರಜೆ ಹಾಕಿ ಮನೆಗೆ ಹೋದೆ. ಬಾಗಿಲು ಕಚ್ಚಿಕೊಂಡಿತ್ತು. ಅಪ್ಪ ಒಳಗಿನಿಂದ ಎಳೆದರು, ನಾನು ಹೊರಗಿನಿಂದ ಹೆಗಲು ಕೊಟ್ಟು ನೂಕಿದೆ.